ದತ್ತು ಹೋದವನಿಗೆ ಹುಟ್ಟಿದ ಮನೆಯ 20 ಗುಂಟೆ ಉಳಿಯುತ್ತದೆಯೇ? ಹೆತ್ತ ತಾಯಿಯ ಖರ್ಚು ಯಾರ ಹೊಣೆ?

ಪ್ರಶ್ನೆ: ತಿಪಟೂರು ಸೀಮೆಯವನು

ಮಾನ್ಯರೇ, 1994ರಲ್ಲಿ ನನಗೆ 9 ವರ್ಷವಾಗಿದ್ದಾಗ, ಮಕ್ಕಳಿಲ್ಲದ ದೊಡ್ಡಮ್ಮ ಮತ್ತು ದೊಡ್ಡಪ್ಪ ನನ್ನನ್ನು ದತ್ತು ಪಡೆದರು. ದತ್ತು ಪತ್ರ ನೋಂದಣಿಯಾಗಿದ್ದು, ಕೊಟ್ಟವರೂ ಪಡೆದವರೂ ಸಹಿ ಹಾಕಿದ್ದಾರೆ. ಅದಕ್ಕೆ ಎರಡು ವರ್ಷ ಮೊದಲೇ ನನ್ನ ತಂದೆಯ ತಾಯಿ ತಮ್ಮ ಸ್ವಂತ ಕ್ರಯದ 20 ಗುಂಟೆ ತೆಂಗಿನ ತೋಟವನ್ನು ನೋಂದಾಯಿತ ದಾನಪತ್ರದಿಂದ ನನ್ನ ಹೆಸರಿಗೆ ಮಾಡಿದ್ದರು. ಪಹಣಿ ಇಂದಿಗೂ ನನ್ನ ಹೆಸರಿನಲ್ಲಿದೆಯಾದರೂ ಕಾಯಿ ಕೆಡವಿಸಿ ಮಾರುತ್ತಿರುವವರು ಒಡಹುಟ್ಟಿದ ಅಣ್ಣಂದಿರು.

ಹೆತ್ತ ತಂದೆ 2009ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಈಗ ಅಣ್ಣಂದಿರು ಪಿತ್ರಾರ್ಜಿತವಾದ 4 ಎಕರೆಯನ್ನು ವಿಭಾಗ ಮಾಡಿಕೊಳ್ಳುತ್ತಿದ್ದು, ದತ್ತು ಹೋದವನಿಗೆ ಈ ಮನೆಯಲ್ಲಿ ಏನೂ ಇಲ್ಲವೆಂದು ಹೇಳಿ, ಆ 20 ಗುಂಟೆಯನ್ನೂ ಸೇರಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಅದೇ ಬಾಯಲ್ಲಿ, 74 ವರ್ಷದ ತಾಯಿಯ ಔಷಧದ ಖರ್ಚಿಗೆ ನಾನೂ ಪಾಲು ಕೊಡಬೇಕೆನ್ನುತ್ತಾರೆ. ಮೂವತ್ತು ವರ್ಷದಿಂದ ನಾನು ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದೇನೆ. ಕಾನೂನು ಏನು ಹೇಳುತ್ತದೆ?

ಉತ್ತರ 1: ಹಳೆಯ ಸದಸ್ಯ

ದತ್ತು ಹೋದ ಮೇಲೆ ಹುಟ್ಟಿದ ಮನೆಯ ಋಣ ಹರಿಯಿತು, ತೋಟವೂ ಹೋಯಿತು. ಪಾಲು ಬೇಕೇ ಬೇಕೆಂದಿದ್ದರೆ ದತ್ತು ರದ್ದು ಮಾಡಿಸಿಕೊಳ್ಳುವುದೊಂದೇ ದಾರಿ.

ಉತ್ತರ 2: ಸಿವಿಲ್ ವಕೀಲ

ಮೇಲಿನ ಎರಡು ಮಾತುಗಳೂ ತಪ್ಪು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 15ನೇ ಕಲಮಿನ ಪ್ರಕಾರ, ಕ್ರಮಬದ್ಧವಾಗಿ ನಡೆದ ದತ್ತನ್ನು ಪಡೆದವರು ರದ್ದುಪಡಿಸುವಂತಿಲ್ಲ, ದತ್ತು ಹೋದವನೂ ಅದನ್ನು ತೊರೆದು ಹುಟ್ಟಿದ ಮನೆಗೆ ಮರಳುವಂತಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರವಿರುವುದು 12ನೇ ಕಲಮಿನಲ್ಲಿ. ದತ್ತಿನ ದಿನದಿಂದ ಹುಟ್ಟಿದ ಮನೆಯ ಸಂಬಂಧಗಳು ಕಡಿದು, ದತ್ತು ಪಡೆದ ಮನೆಯ ಸಂಬಂಧಗಳು ಕೂಡಿಕೊಳ್ಳುತ್ತವೆ. ಆದ್ದರಿಂದ 2009ರಲ್ಲಿ ತೀರಿಕೊಂಡ ತಂದೆಗೆ ನೀವು ವಾರಸುದಾರರಲ್ಲ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹುಟ್ಟಿನಿಂದ ಬಂದ ಹಕ್ಕು ದತ್ತಿನ ನಂತರವೂ ಉಳಿಯುತ್ತದೆಂದು ಆಂಧ್ರ ಪ್ರದೇಶ ಹೈಕೋರ್ಟ್ ಹಿಂದೊಮ್ಮೆ ಹೇಳಿತ್ತು. ಬಾಂಬೆ ಹೈಕೋರ್ಟ್ ಅದನ್ನು ಒಪ್ಪಲಿಲ್ಲ, 2023ರಲ್ಲಿ ತೆಲಂಗಾಣ ಹೈಕೋರ್ಟಿನ ಪೂರ್ಣಪೀಠವೂ ಆ ನಿಲುವನ್ನು ಕೈಬಿಟ್ಟಿತು. ಆ 4 ಎಕರೆಗಾಗಿ ಕೋರ್ಟಿನ ಮೆಟ್ಟಿಲು ಹತ್ತಲು ನಾನಂತೂ ಸಲಹೆ ಕೊಡಲಾರೆ.

ತೋಟದ ಮಾತೇ ಬೇರೆ. ದತ್ತಿಗೆ ಮೊದಲೇ ಮಗುವಿನ ಹೆಸರಿಗೆ ಬಂದು ನೆಲೆಗೊಂಡ ಸ್ವತ್ತು ಮಗುವಿನದಾಗಿಯೇ ಉಳಿಯುತ್ತದೆಂದು ಅದೇ 12ನೇ ಕಲಮಿನ ಪರಂತುಕ, ಅಂದರೆ ಮುಖ್ಯ ನಿಯಮಕ್ಕೆ ಸೇರಿಸಿದ ವಿನಾಯಿತಿಯ ಭಾಗ, ಹೇಳುತ್ತದೆ. ಅಣ್ಣಂದಿರು ಓದದ, ಬಹುಶಃ ನೀವೂ ಓದದ ಇನ್ನರ್ಧ ವಾಕ್ಯ ಅಲ್ಲೇ ಇದೆ: ಆ ಸ್ವತ್ತಿನ ಒಡೆತನಕ್ಕೆ ಅಂಟಿಕೊಂಡ ಹೊಣೆಗಳೇನಾದರೂ ಇದ್ದರೆ, ಹುಟ್ಟಿದ ಮನೆಯ ಬಂಧುಗಳನ್ನು ಪೋಷಿಸುವ ಹೊಣೆಯೂ ಸೇರಿದಂತೆ, ಅವೂ ಸ್ವತ್ತಿನ ಜೊತೆಗೇ ಬರುತ್ತವೆ. ತೋಟ ಮತ್ತು ತಾಯಿ ಎರಡೂ ಒಂದೇ ಪರಂತುಕದಲ್ಲಿವೆ ಎಂಬುದನ್ನು ಗಮನಿಸಿ. ಇದಲ್ಲದೆ 2007ರ ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮವು ತಂದೆತಾಯಿ ಎಂಬುದರಲ್ಲಿ ಹೆತ್ತವರನ್ನೂ ದತ್ತು ಪಡೆದವರನ್ನೂ ಸೇರಿಸಿದೆ; ದತ್ತು ಹೋದೆನೆಂಬ ಒಂದೇ ಮಾತು, ಇಂಥ ಪೋಷಣೆಯ ಅರ್ಜಿ ವಿಚಾರಿಸುವ ಉಪವಿಭಾಗಾಧಿಕಾರಿಗಳ ಮುಂದೆ ಸಾಕಾದೀತೆಂದು ನಂಬಿ ಕೂರುವುದು ಜಾಣತನವಲ್ಲ.

ಸಾಕಿದ ತಂದೆತಾಯಿಯ ಪೋಷಣೆಯಂತೂ ಪೂರ್ಣವಾಗಿ ನಿಮ್ಮ ಹೊಣೆ. ಹಾಗೆಂದು ಅವರ ಸ್ವಯಾರ್ಜಿತ ನಿಮಗೇ ಬರಬೇಕೆಂಬ ನಿಯಮವಿಲ್ಲ: ಬೇರೆ ಒಪ್ಪಂದವಿಲ್ಲದಿದ್ದರೆ ಅವರು ಅದನ್ನು ಯಾರಿಗೆ ಬೇಕಾದರೂ ಬರೆಯಬಹುದೆಂದು 13ನೇ ಕಲಮು ಹೇಳುತ್ತದೆ.

ಉತ್ತರ 3: ನೋಂದಣಿ ಇಲಾಖೆಯ ನಿವೃತ್ತ ನೌಕರ

ನೋಂದಾಯಿತ ದತ್ತು ಪತ್ರದಲ್ಲಿ ಎರಡೂ ಕಡೆಯವರ ಸಹಿಯಿದ್ದರೆ, ಸುಳ್ಳೆಂದು ರುಜುವಾತಾಗುವವರೆಗೆ ದತ್ತು ಕ್ರಮಬದ್ಧವೆಂದೇ ನ್ಯಾಯಾಲಯ ಭಾವಿಸಬೇಕು. ತಾವು ಮೊದಲು ಆ ದಾನಪತ್ರದ ದೃಢೀಕೃತ ನಕಲನ್ನು ಪಡೆಯಿರಿ. ಹಳೆಯ ದಾನಪತ್ರಗಳಲ್ಲಿ ಚೆಕ್ಕುಬಂದಿಗೆ (ಜಮೀನಿನ ನಾಲ್ಕು ದಿಕ್ಕಿನ ಗಡಿಯ ವಿವರಕ್ಕೆ) ಮೊದಲು ಒಂದೆರಡು ಸಾಲಿನ ಷರತ್ತು ಬರೆಸುತ್ತಿದ್ದುದುಂಟು, ಅದನ್ನು ಯಾರೂ ಓದುವುದಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದರ ಷೆಡ್ಯೂಲಿನಲ್ಲಿರುವ ಸರ್ವೆ ನಂಬರುಗಳನ್ನು ಒಂದೊಂದಾಗಿ ಪಹಣಿಯೊಂದಿಗೆ ತಾಳೆ ನೋಡಿ.

ಪ್ರಶ್ನೆ ಕೇಳಿದವರು ಮತ್ತೆ ಬರೆದದ್ದು

ನಕಲು ಸಿಕ್ಕಿತು. ಅಜ್ಜಿಯ ಹೆಬ್ಬೆಟ್ಟಿನ ಗುರುತಿರುವ ಎರಡನೆಯ ಹಾಳೆಯಲ್ಲಿ ಹೀಗಿದೆ: "ನನ್ನ ಸೊಸೆಯ ಜೀವಮಾನಪರ್ಯಂತ ಸದರಿ ತೋಟದ ಉತ್ಪತ್ತಿಯಿಂದ ಆಕೆಯ ಅನ್ನವಸ್ತ್ರ ನಡೆಯತಕ್ಕದ್ದು." ನಾನು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಿಲ್ಲ. 20 ಗುಂಟೆಯನ್ನು ಕೈಬಿಟ್ಟು ಉಳಿದದ್ದಕ್ಕೆ ಹೊಸ ಪತ್ರ ತಂದರೆ ಹಾಕುತ್ತೇನೆಂದು ಅಣ್ಣಂದಿರಿಗೆ ತಿಳಿಸಿದ್ದೇನೆ, ಇಷ್ಟು ವರ್ಷದ ಕಾಯಿಯ ಲೆಕ್ಕವನ್ನೂ ಕೇಳಿದ್ದೇನೆ. ಚಿಕ್ಕಮ್ಮನ ಔಷಧದ ಚೀಟಿಯನ್ನು ನಾನೇ ತರಿಸಿಕೊಂಡಿದ್ದೇನೆ.