ಹ್ಯೂಸ್ಟನ್ ಚಳಿಗೆ ಸುಟ್ಟ ಕರಿಬೇವು, ಬಾಳೆ, ನಿಂಬೆ: ಈಗಲೇ ಕತ್ತರಿಸಬೇಕೇ, ಕಾಯಬೇಕೇ?

ಕೇಟಿ_ಕೈತೋಟ:
ಈ ವಾರದ ಉತ್ತರದ ಗಾಳಿಗೆ ಹ್ಯೂಸ್ಟನ್‌ನ ಪಶ್ಚಿಮಕ್ಕೆ ರಾತ್ರಿ 24 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು −4 ಸೆಲ್ಸಿಯಸ್) ಮುಟ್ಟಿತು. ನೆಲದಲ್ಲಿ ನೆಟ್ಟ ಕರಿಬೇವಿನ ಎಲೆಯೆಲ್ಲ ಕಪ್ಪಾಗಿದೆ, ನುಗ್ಗೆ ಜೋಲುಬಿದ್ದಿದೆ. ಬಾಳೆಯ ಕಾಂಡ ಒತ್ತಿದರೆ ನೀರು ಒಸರುತ್ತದೆ. ಮೇಯರ್ ನಿಂಬೆಯಲ್ಲಿ ಅರ್ಧ ಎಲೆ ಉದುರಿದೆ, ಉಳಿದದ್ದು ಒಣಗಿ ಕೊಂಬೆಗೇ ಅಂಟಿಕೊಂಡಿದೆ. ದುಂಡುಮಲ್ಲಿಗೆ, ದಾಸವಾಳ ಬರೀ ಕಡ್ಡಿ. ಜನವರಿ ಇನ್ನೂ ಮುಗಿದಿಲ್ಲ. ಯಾವುದನ್ನು ಈಗ ಕತ್ತರಿಸಲಿ, ಯಾವುದನ್ನು ಬಿಡಲಿ? ಗೊಬ್ಬರ ಕೊಡಬಹುದೇ?

ಬೇರು_ಮಣ್ಣು:
ಕತ್ತರಿ ಒಳಗಿಡಿ. ಇಲ್ಲಿ ಫೆಬ್ರುವರಿ ಕೊನೆಯವರೆಗೂ ಮತ್ತೆ ಹೆಪ್ಪುಗಟ್ಟುವ ಚಳಿ ಬರಬಹುದು. ಈಗ ಸವರಿದರೆ ನಡುವೆ ಬರುವ ನಾಲ್ಕು ಬೆಚ್ಚನೆಯ ದಿನಗಳಲ್ಲಿ ಗಿಡ ಚಿಗುರುತ್ತದೆ, ಮುಂದಿನ ಚಳಿ ಮೊದಲು ಸುಡುವುದು ಆ ಎಳೆ ಚಿಗುರನ್ನೇ. ಸತ್ತ ಎಲೆ, ಕಡ್ಡಿ ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೆ ಒಳಗಿನ ಜೀವಂತ ಭಾಗಕ್ಕೆ ಅದೇ ಹೊದಿಕೆ.

ಇದಕ್ಕೆ ಹೊರತಾದದ್ದು ಕೊಳೆಯುವ ಗಿಡಗಳು: ಬಾಳೆ, ಕ್ಯಾನಾ (ಕಾಬಾಳೆ), ಶುಂಠಿ ಜಾತಿಯವು. ಬಾಳೆಯನ್ನು ಒಂದೇ ಸಲ ಬುಡಕ್ಕೆ ಕಡಿಯಬೇಡಿ. ಮೇಲಿನಿಂದ ಅರ್ಧರ್ಧ ಅಡಿ ಕೊಯ್ಯುತ್ತಾ ಬನ್ನಿ, ನಡುವಿನ ತಿರುಳು ಬಿಳಿಯಾಗಿ ಗಟ್ಟಿಯಾಗಿ ಸಿಕ್ಕಲ್ಲಿ ನಿಲ್ಲಿಸಿ. ಉಳಿದ ಕಾಂಡದ ನಡುವಿನಿಂದಲೇ ಹೊಸ ಸುಳಿ ಬರುತ್ತದೆ, ಬುಡದಲ್ಲೇಳುವ ಮರಿಗಿಂತ ಬೇಗ ಗೊನೆ ಹಾಕುತ್ತದೆ. ಬುಡದವರೆಗೂ ಕಂದುಬಣ್ಣಕ್ಕೆ ತಿರುಗಿ ಮೆತ್ತಗಿದ್ದರೆ ಆ ಕಾಂಡ ಹೋಯಿತು. ನೆಲಮಟ್ಟಕ್ಕೆ ಕಡಿದು ಗಡ್ಡೆಯ ಮೇಲೆ ಆರು ಇಂಚು ಎಲೆಗೊಬ್ಬರವನ್ನೋ ಹುಲ್ಲನ್ನೋ ಹರಡಿ.

ಉಳಿದವಕ್ಕೆ ಉಗುರಿನ ಪರೀಕ್ಷೆ. ಕಡ್ಡಿಯ ತುದಿಯಿಂದ ಕೆಳಕ್ಕೆ ಅಲ್ಲಲ್ಲಿ ತೊಗಟೆ ಕೆರೆಯಿರಿ: ಹಸಿರಿದ್ದರೆ ಜೀವ, ಕಂದುಬಣ್ಣಕ್ಕೆ ತಿರುಗಿ ಒಣಗಿದ್ದರೆ ಸತ್ತದ್ದು. ಚಳಿ ಹೊಡೆದ ಮೊದಲ ವಾರ ಇದನ್ನು ನಂಬಬೇಡಿ, ಸತ್ತ ಪದರವೂ ಕೆಲವು ದಿನ ಹಸಿರಾಗಿಯೇ ಇರುತ್ತದೆ. ದಾಸವಾಳ, ದುಂಡುಮಲ್ಲಿಗೆ ಎರಡನ್ನೂ ಮಾರ್ಚ್‌ನಲ್ಲಿ ನೋಡಿ, ಜೀವವಿರುವ ಜಾಗಕ್ಕೆ ಕತ್ತರಿಸಿ. ಎರಡೂ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಬುಡದಿಂದ ಬಂದರೂ ಬೇಸಿಗೆಯ ಹೂವಿಗೆ ಮೋಸವಿಲ್ಲ.

ಗೊಬ್ಬರ ಈಗ ಬೇಡವೇ ಬೇಡ. ನೀರೂ ಮಿತವಾಗಿರಲಿ. ಎಲೆಯಿಲ್ಲದ ಗಿಡ ಹೆಚ್ಚು ನೀರೆಳೆಯುವುದಿಲ್ಲ, ನಮ್ಮ ಜಿಗುಟು ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಎರಡು ಇಂಚು ಆಳಕ್ಕೆ ಬೆರಳಿಟ್ಟು, ಒಣಗಿದ್ದರೆ ಮಾತ್ರ ಹಾಕಿ.

ನಿಂಬೆಹುಳಿ:
ನಿಮ್ಮ ನಿಂಬೆಯ ವಿವರದಲ್ಲೇ ಉತ್ತರವಿದೆ. ಎಲೆ ಉದುರಿದ ಕೊಂಬೆ ಬಹುಮಟ್ಟಿಗೆ ಬದುಕಿದೆ, ಎಲೆ ಕಳಚಿಕೊಳ್ಳಲು ಕೊಂಬೆಗೆ ಜೀವ ಬೇಕು. ಎಲೆ ಒಣಗಿ ಅಂಟಿಕೊಂಡದ್ದು ಸತ್ತಿರುವ ಸಾಧ್ಯತೆ ಹೆಚ್ಚು. ಆದರೂ ಮೇ ತಿಂಗಳವರೆಗೆ ಕಾಯಿರಿ. ನಿಂಬೆಯಲ್ಲಿ ಚಿಗುರು ಬಂದ ಮೇಲೂ ಕೊಂಬೆ ಹಿಂದಕ್ಕೆ ಒಣಗುತ್ತಾ ಹೋಗುವುದುಂಟು, ಬೇಗ ಕತ್ತರಿಸಿದರೆ ಎರಡೆರಡು ಸಲ ಕತ್ತರಿಸಬೇಕಾಗುತ್ತದೆ.

ಕಸಿ ಗಿಡವಾದರೆ ಕಸಿಗಂಟಿನ ಕೆಳಗಿನ ಚಿಗುರನ್ನು ಕಂಡಕೂಡಲೇ ಕಿತ್ತುಹಾಕಿ. ಮೂರೆಲೆಯ ಗೊಂಚಲು, ಉದ್ದ ಮುಳ್ಳು ಇದ್ದರೆ ಅದು ಕಸಿಗೆ ಬಳಸಿದ ಬೇರುಗಿಡ, ನಿಮ್ಮ ನಿಂಬೆಯಲ್ಲ. ಎಲೆ ಹೋಗಿ ಕಾಂಡಕ್ಕೆ ನೇರ ಬಿಸಿಲು ಬಿದ್ದರೆ ತೊಗಟೆ ಸುಟ್ಟು ಸೀಳುತ್ತದೆ. ನೀರಿನಲ್ಲಿ ಕರಗುವ ಬಿಳಿ ಲೇಟೆಕ್ಸ್ ಬಣ್ಣಕ್ಕೆ ಅಷ್ಟೇ ನೀರು ಬೆರೆಸಿ ಹಚ್ಚಿ. ಹೊಸ ಎಲೆ ಬಂದ ಮೇಲೆ ಗೊಬ್ಬರ ಕೊಡಿ. ಗಿಡದ ಅರ್ಧ ಹರವು ಹೋಗಿದ್ದರೆ ಪ್ರಮಾಣವೂ ಅರ್ಧ.

ಕರಿಬೇವು ನಿಂಬೆಯ ಕುಟುಂಬದ್ದೇ. ಬುಡಕ್ಕೆ ಹೊದಿಕೆಯಿದ್ದರೆ ಮೇಲ್ಭಾಗ ಪೂರ್ತಿ ಸತ್ತರೂ ಬೇರಿನಿಂದ ಮರಿಗಳೇಳುತ್ತವೆ, ಮಣ್ಣು ಬೆಚ್ಚಗಾಗುವ ಏಪ್ರಿಲ್‌ವರೆಗೆ ಅಗೆದು ಎಸೆಯಬೇಡಿ. ಸತ್ತಿತೆಂದುಕೊಂಡು ಸ್ನೇಹಿತರ ಹಿತ್ತಲಿನಿಂದ ಹೊಸ ಗಿಡ ತರುವ ಮುನ್ನ ಒಂದು ವಿಷಯ: ನಿಂಬೆಯ ಹಸಿರುರೋಗ (ಸಿಟ್ರಸ್ ಗ್ರೀನಿಂಗ್) ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಎಳೆಚಿಗುರಿನಲ್ಲೂ ಬೆಳೆಯುತ್ತದೆ. ಅದಕ್ಕೇ ಟೆಕ್ಸಸ್‌ನಲ್ಲಿ ಸಿಟ್ರಸ್ ಕ್ವಾರಂಟೈನ್ (ನಿಂಬೆ ಕುಟುಂಬದ ಗಿಡಗಳ ಸಾಗಾಟಕ್ಕೆ ನಿರ್ಬಂಧ) ಇದೆ. ಗಿಡವನ್ನು ಪರವಾನಗಿ ಇರುವ ನರ್ಸರಿಯಿಂದಲೇ ಕೊಳ್ಳಿ.

ಕೇಟಿ_ಕೈತೋಟ:
ನುಗ್ಗೆ? ಮತ್ತೆ, ಬೆಡ್‌ಶೀಟ್ ಹೊದಿಸಿ ಕಾಂಡಕ್ಕೆ ಕಟ್ಟಿದ್ದೆ, ಆದರೂ ಯಾಕೆ ಸುಟ್ಟಿತು?

ತೆಂಕಣ_ಗಾಳಿ:
ನುಗ್ಗೆಗೆ ಗಡ್ಡೆಯಂಥ ಬೇರಿದೆ. ಮಾರ್ಚ್‌ನಲ್ಲಿ ಒಂದಡಿ ಬಿಟ್ಟು ಕತ್ತರಿಸಿ, ಬುಡ ಒದ್ದೆಯಾಗಿರದಂತೆ ನೋಡಿಕೊಳ್ಳಿ, ಸಾಕು.

ಹೊದಿಕೆಯಲ್ಲಿ ತಪ್ಪಿದ್ದು ಕಟ್ಟಿದ ರೀತಿ. ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ, ನೆಲದಿಂದ ಏಳುವ ಶಾಖವನ್ನು ಹಿಡಿದಿಡುತ್ತದೆ ಅಷ್ಟೆ. ಕಾಂಡಕ್ಕೆ ಬಿಗಿದರೆ ಆ ಶಾಖ ಹೊರಗೇ ಉಳಿಯಿತು. ನಾಲ್ಕು ಗೂಟ ನೆಟ್ಟು, ಎಲೆಗೆ ತಾಗದಂತೆ ಹೊದಿಸಿ, ಅಂಚು ಸುತ್ತಲೂ ನೆಲ ಮುಟ್ಟುವಂತೆ ಇಟ್ಟಿಗೆ ಇಡಿ. ಪ್ಲಾಸ್ಟಿಕ್ ಹಾಕುವುದಾದರೆ ಬಟ್ಟೆಯ ಮೇಲೆ ಮಾತ್ರ; ಎಲೆಗೆ ತಾಗಿದಲ್ಲಿ ಸುಡುತ್ತದೆ, ಬಿಸಿಲು ಬಂದರೆ ಒಳಗೆ ಬೇಯುತ್ತದೆ. ಗಾಳಿಯಿಲ್ಲದ ತಿಳಿರಾತ್ರಿಗೆ ಇಷ್ಟು ಸಾಲುತ್ತದೆ. ಗಾಳಿಯೊಂದಿಗೆ ಬರುವ ಚಳಿಯಲ್ಲಿ ನೆಲದ ಶಾಖ ನಿಲ್ಲುವುದಿಲ್ಲ, ಆಗ ಒಳಗೊಂದು ಶಾಖದ ಮೂಲ ಬೇಕು. ಹೊರಾಂಗಣಕ್ಕೆಂದೇ ಮಾಡಿದ ಹಳೆಯ ಮಾದರಿಯ ಸಿ9 (ಬಿಸಿಯಾಗುವ ದೊಡ್ಡ ಬಲ್ಬಿನ) ಕ್ರಿಸ್ಮಸ್ ದೀಪದ ಸರವನ್ನು ಬಟ್ಟೆಗೆ ತಾಗದಂತೆ ಕೆಳಕೊಂಬೆಗಳಿಗೆ ಸುತ್ತಿ. ಎಲ್‌ಇಡಿ ಸರದಿಂದ ಬೇಕಾದಷ್ಟು ಶಾಖ ಬರುವುದಿಲ್ಲ.

ಚಳಿ ಬರುವ ಹಿಂದಿನ ದಿನ ಮಣ್ಣು ತೋಯಿಸಿ, ಒದ್ದೆ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿಯುತ್ತದೆ. ಎಳೆಯ ನಿಂಬೆಗೆ ಕಸಿಗಂಟಿನ ಮೇಲೆ ಒಂದಡಿಯವರೆಗೆ ಮಣ್ಣು ಏರಿಸಿ. ಮೇಲ್ಭಾಗ ಹೋದರೂ ಒಳ್ಳೆ ಜಾತಿಯ ಕಾಂಡ ಉಳಿಯುತ್ತದೆ. 2021ರ ಫೆಬ್ರುವರಿಯಲ್ಲಿ ಹ್ಯೂಸ್ಟನ್ 13 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಿತ್ತು. ಅಂಥ ಚಳಿಗೆ ಬಟ್ಟೆಯೊಂದೇ ಸಾಲದು, ಮಣ್ಣಿನೊಳಗೆ ಮುಚ್ಚಿದ್ದನ್ನು ಉಳಿಸಿಕೊಳ್ಳುವ ಲೆಕ್ಕ ಹಾಕಬೇಕು. ಮಾರ್ಚ್‌ನಲ್ಲಿ ಕಾಂಡಕ್ಕೆ ಏರಿಸಿದ ಮಣ್ಣನ್ನು ಮರೆಯದೆ ಕೆಳಗಿಳಿಸಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ.