ಸಹಾಯ ಬೇಕು: ಚೆಂಡು ಹೂವಿನ ಸಸಿ ಬುಡಕ್ಕ ಬೀಳಾಕತ್ತಾವ್ರಿ

ನಮ್ಮದು ಹುಬ್ಬಳ್ಳಿರಿ. ದೀಪಾವಳಿ ಪೂಜಿಗೆ ಮನಿ ಹೂವನ್ನ ಏರಿಸಬೇಕು ಅನ್ನೋ ಆಸೆ. ಟ್ರೇದಾಗ ಎರಿ ಮಣ್ಣಿಗೆ ಸಗಣಿ ಗೊಬ್ಬರ ಕಲಸಿ ಚೆಂಡು ಹೂವಿನ ಬೀಜ ಹಾಕಿದ್ದೆ. 5ನೇ ದಿನಕ್ಕ ಚಂದ ಮೊಳಕಿ ಬಂದ್ವು. ಎರಡೆಲಿ ಬಿಟ್ಟ ಮ್ಯಾಲ ಮಣ್ಣಿಗೆ ಹತ್ತಿದಲ್ಲೇ ಕಾಂಡ ದಾರದಂಗ ಸಣ್ಣಾಗಿ, ನೀರು ಹಿಡದಂಗ ಕಂದಾಗಿ, ಸಸಿ ಅಡ್ಡ ಬೀಳ್ತಾವು. ಎಲಿ ನೋಡಿದ್ರ ಇನ್ನೂ ಹಸರ! ಮುಂಜಾನೆ ನಾಕು, ಸಂಜಿಗೆ ಮತ್ತ ಆರು. ಹೊಟ್ಟಿ ಉರೀತದ.

ಜಿಟಿಜಿಟಿ ಮಳಿ ಅಂತ ಟ್ರೇ ಒಳಗ ತಂದಿಟ್ಟೆ, ನೀರು ಕಡಿಮಿ ಮಾಡಿದೆ, ಬೇವಿನ ಎಣ್ಣಿನೂ ಹೊಡದೆ. ನಿಲ್ಲಲಿಲ್ಲ. ಅದೇ ಮಣ್ಣಾಗ ಎರಡನೇ ಸಲ ಬಿತ್ತಿದ್ರೂ ಅದೇ ಗತಿ.

ಬೀಜ ಇನ್ನೊಂದು ಹಿಡಿಯಷ್ಟೇ ಉಳದಾವು. ಈ ಮಣ್ಣಿಗೆ ಟ್ರೈಕೋಡರ್ಮಾ (ಮಣ್ಣಿನ ರೋಗದ ಬೂಜು ತಡಿಯೋ ಒಳ್ಳೆ ಶಿಲೀಂಧ್ರ) ಕಲಸಿದ್ರ ಸಾಕೋ, ಇಲ್ಲಾ ಮಣ್ಣು ಚೆಲ್ಲಿ ತೆಂಗಿನ ನಾರಿನ ಪುಡಿ ಅಂದ್ರ ಕೊಕೊಪೀಟ್‌ನ್ಯಾಗ ಬಿತ್ತಲೋ? ಮಾಡಿ ನೋಡಿದವರು ಹೇಳ್ರಿ.