ಸಿಲ್ವರ್ ಓಕ್ ಕಡಿಸಿದ ಮೇಲೆ ಹಳ್ಳ ಕೆಂಪಾಗುತ್ತಿದೆ, ಶೇಡ್ ನೆಟ್ ಕಟ್ಟಿದರೆ ನಿಲ್ಲುತ್ತಾ?

ಹಾನುಬಾಳು ತೋಟ:
ಸಕಲೇಶಪುರ ಕಡೆ ಇಳಿಜಾರಿನ ಕಾಫಿ ತೋಟ ನಮ್ಮದು. ಕೊಯ್ಲು ಮುಗಿದ ಮೇಲೆ ಮೇಲಿನ ಬ್ಲಾಕಿನ ಸಿಲ್ವರ್ ಓಕ್ ಮರಗಳನ್ನು ವ್ಯಾಪಾರಿಗೆ ಕೊಟ್ಟೆವು. ಅವರು ಜೆಸಿಬಿಯಲ್ಲಿ ದಾರಿ ಬಿಡಿಸಿ, ದಿಮ್ಮಿಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು, ಹಳ್ಳ ದಾಟಿಸಿ ಲಾರಿಗೆ ತುಂಬಿದರು. ಈಗ ಗುಡುಗು ಮಳೆ ಒಂದು ಬಿದ್ದರೆ ಸಾಕು, ಹಳ್ಳ ಕೆಂಪಗೆ ಹರಿಯುತ್ತದೆ. ಕೆಳಗಿನ ಮನೆಯವರು ಅದೇ ಹಳ್ಳದಿಂದ ಪೈಪ್ ಎಳೆದುಕೊಂಡಿದ್ದಾರೆ. ಪೈಪಿನ ಬಾಯಿ ಪದೇ ಪದೇ ಕಟ್ಟಿಕೊಳ್ಳುತ್ತಿದೆ. ಮುಂಗಾರು ಹಿಡಿಯುವ ಮುಂಚೆ ಹಳ್ಳಕ್ಕೆ ಅಡ್ಡ ಶೇಡ್ ನೆಟ್ ಎರಡು ಪದರ ಕಟ್ಟೋಣ ಅಂತಿದ್ದೇನೆ. 50 ಪರ್ಸೆಂಟ್ ತರಲಾ, 75 ತರಲಾ?

ರೋಬಸ್ಟಾ ರೈತ:
75 ತನ್ನಿ. ಬುಡಕ್ಕೆ ಮರಳು ಮೂಟೆ ಇಡಿ.

ಮಳೆಮಾಪಕ:
ಎರಡೂ ಬೇಡ. ಜೂನ್ ನೀರಿಗೆ ನೆಟ್ಟೂ ಹೋಗುತ್ತದೆ, ಮೂಟೆಯೂ ಹೋಗುತ್ತದೆ. ಅದರ ಹಿಂದೆ ನಿಂತಿದ್ದ ಮಣ್ಣೆಲ್ಲ ಒಂದೇ ಸಲ ಕೆಳಗಿನ ಮನೆಯವರ ಪೈಪಿಗೆ ಬರುತ್ತದೆ. ನೆಟ್ ಗಟ್ಟಿಯಾಗಿ ನಿಂತಿತು ಅಂತಲೇ ಇಟ್ಟುಕೊಳ್ಳಿ. ಅದು ಹಿಡಿಯುವುದು ಕಸಕಡ್ಡಿ, ದಪ್ಪ ಮಣ್ಣನ್ನು ಮಾತ್ರ. ನೀರು ಕೆಂಪಾಗುವುದು ಜೇಡಿಯಿಂದ. ಜೇಡಿಯ 2 ಮೈಕ್ರಾನಿನ ಕಣ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು, ನಿಂತ ನೀರಿನಲ್ಲೂ ಒಂದು ಮೀಟರ್ ಇಳಿಯಲು ಸುಮಾರು 3 ದಿನ ಬೇಕು. ಹರಿಯುವ ಹಳ್ಳಕ್ಕೆ ಬಿದ್ದ ಮೇಲೆ ಅದನ್ನು ಯಾರೂ ಹಿಡಿಯಲಾರರು. ಬೀಳುವ ಮುಂಚೆ ಹಿಡಿಯಬೇಕು.

ಮರ ಕಡಿದ ಜಾಗದಿಂದ ಮಣ್ಣು ಬರುವುದು ಕಡಿಮೆ. ಬೇರು, ದರಗು, ಕಾಫಿ ಗಿಡ ಎಲ್ಲ ಅಲ್ಲೇ ಇರುತ್ತವಲ್ಲ. ಬರುವುದು ದಾರಿಯಿಂದ, ದಿಮ್ಮಿ ಎಳೆದ ಜಾಡಿನಿಂದ, ಹಳ್ಳ ದಾಟಿಸಿದ ಕಡೆಯಿಂದ. ಮುಂದಿನ ಮಳೆ ಸುರಿಯುವಾಗಲೇ ಕೊಡೆ ಹಿಡಿದು ಹಳ್ಳದ ಗುಂಟ ಮೇಲಕ್ಕೆ ನಡೆಯಿರಿ. ಯಾವ ಜಾಗದಲ್ಲಿ ತಿಳಿನೀರು ಕೆಂಪಾಗುತ್ತದೆ ನೋಡಿ ಬರೆಯಿರಿ. ಮಳೆ ನಿಂತ ಮೇಲೆ ಹೋದರೆ ಏನೂ ಗೊತ್ತಾಗಲ್ಲ.

ಹಾನುಬಾಳು ತೋಟ:
ನಿನ್ನೆ ಸಂಜೆ ಮಳೆಯಲ್ಲೇ ನೋಡಿ ಬಂದೆ. ದಾಟಿಸಿದ ಜಾಗದ ಮೇಲೆ ನೀರು ತಿಳಿ, ಕೆಳಗೆ ಕೆಂಪು. ಟ್ರ್ಯಾಕ್ಟರ್ ಗಾಲಿಯ ಎರಡು ಜಾಡೂ ಗುಡ್ಡದಿಂದ ನೇರ ಹಳ್ಳಕ್ಕೇ ಇಳಿದಿವೆ, ಮಳೆನೀರೆಲ್ಲ ಅದರಲ್ಲೇ ಓಡುತ್ತಿದೆ. ದಾಟಲು ಹಾಸಿದ್ದ ದಿಮ್ಮಿ, ಮಣ್ಣು ಇನ್ನೂ ಹಳ್ಳದಲ್ಲೇ ಇದೆ. ದಾರಿಯ ಇಳಿಜಾರು 10 ಮೀಟರಿಗೆ ಸುಮಾರು 2 ಮೀಟರ್.

ಮಳೆಮಾಪಕ:
ಹಾಗಾದರೆ ರೋಗ ಸಿಕ್ಕಿತು. ನೀರನ್ನು ದಾರಿಯಲ್ಲಿ ಉದ್ದಕ್ಕೆ ಓಡಲು ಬಿಡಬಾರದು, ಅಲ್ಲಲ್ಲೇ ಪಕ್ಕಕ್ಕೆ ಇಳಿಸಿಬಿಡಬೇಕು. ಅದಕ್ಕೆ ದಾರಿಗೆ ಅಡ್ಡ ಮಣ್ಣಿನ ದಿಣ್ಣೆ, ವಾಟರ್ ಬಾರ್ ಅಂತಾರಲ್ಲ, ಅದು ಬೇಕು. ನಿಮ್ಮ 20 ಪರ್ಸೆಂಟ್ ಇಳಿಜಾರಿಗೆ ಸುಮಾರು 14 ಮೀಟರಿಗೊಂದು. 10 ಪರ್ಸೆಂಟ್ ಇರುವ ಕಡೆ 25 ಮೀಟರಿಗೊಂದು ಸಾಕು. ನೆಟ್ಟಗೆ ಅಡ್ಡ ಹಾಕಬೇಡಿ, 30 ಡಿಗ್ರಿಯಷ್ಟು ಓರೆಯಾಗಿ ಹಾಕಿ. ನೇರ ಹಾಕಿದರೆ ಹಿಂದೆ ನೀರು ನಿಂತು ದಿಣ್ಣೆ ಒಡೆಯುತ್ತದೆ. ಮೇಲಿನ ತುದಿ ದಾರಿಗೆಂದು ಗುಡ್ಡ ಕಡಿದ ಬರೆಯ ಗೋಡೆಗೆ ತಾಗಿರಲಿ, ಇಲ್ಲವಾದರೆ ನೀರು ಸುತ್ತು ಹಾಕಿ ಹೋಗುತ್ತದೆ. ಕೆಳಗಿನ ತುದಿ ಪೂರ್ತಿ ತೆರೆದಿರಲಿ. ಜನ ತಪ್ಪುವುದು ಇಲ್ಲೇ. ದಿಣ್ಣೆ ಚೆನ್ನಾಗಿ ಹಾಕಿ ಬಾಯಿಗೆ ಮಣ್ಣು ಗುಡ್ಡೆ ಬಿಟ್ಟು ಬರುತ್ತಾರೆ.

ಆ ಬಾಯಿಯಿಂದ ಬಿದ್ದ ನೀರು ಕಾಫಿ ಸಾಲಿನ ದರಗಿನ ಮೇಲೆ ಹರಡಬೇಕು. ಕಾಫಿ ಸಾಲುಗಳ ನಡುವೆ ನೀರು ಇಂಗಲು ತೋಡಿದ ನಿಮ್ಮ ತೊಟ್ಟಿಲು ಗುಂಡಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ಹಳ್ಳಕ್ಕೆ ಎಷ್ಟು ದೂರದಲ್ಲಿ ಬಿಡಬಹುದು ಅಂದರೆ, ಅಮೆರಿಕದಲ್ಲಿ ಟ್ರಿಂಬಲ್, ಸಾರ್ಟ್ಸ್ ಎಂಬಿಬ್ಬರು 1957ರಲ್ಲಿ ಒಂದು ಸುಲಭ ಲೆಕ್ಕ ಕೊಟ್ಟರು. 25 ಅಡಿ, ಅದರ ಮೇಲೆ ಪ್ರತಿ ಒಂದು ಪರ್ಸೆಂಟ್ ಇಳಿಜಾರಿಗೆ 2 ಅಡಿ. ನಿಮಗೆ 65 ಅಡಿ ಬರುತ್ತದೆ. ಮಲೆನಾಡಿನ ಮಳೆಗೆ ಅದನ್ನು ಕನಿಷ್ಠ ಅಂದುಕೊಳ್ಳಿ, ಜಾಸ್ತಿ ಬಿಟ್ಟರೆ ನಷ್ಟವಿಲ್ಲ.

ಕೂಪಿನ ಮೇಸ್ತ್ರಿ:
ಲೆಕ್ಕ ಸರಿ. ಆದರೆ ದಾರಿಯಲ್ಲಿ ಪಿಕಪ್ ಓಡಿಸುವುದಿದ್ದರೆ ಆ ದಿಣ್ಣೆ ವಾರ ಬಾಳಲ್ಲ. ಓಡಾಟ ಇರುವ ಕಡೆ ಎತ್ತರದ ದಿಣ್ಣೆ ಬಿಟ್ಟು, ಗಾಡಿ ಸಲೀಸಾಗಿ ಇಳಿದು ಹತ್ತುವ ಹಾಗೆ ಅಗಲವಾದ ತಗ್ಗು ಮಾಡಿ. ಓಡಾಟ ಇಲ್ಲದ ಜಾಡಿಗೆ ದಿಣ್ಣೆ ಹಾಕಿ, ಮಧ್ಯದ ಜಾಗಕ್ಕೆ ಮರಗಸಿಯಲ್ಲಿ, ಅಂದರೆ ನೆರಳು ಮರ ಸವರುವಾಗ, ಬಿದ್ದ ಸೊಪ್ಪು, ಓಕಿನ ಕೊಂಬೆ ಅಡ್ಡಡ್ಡ ಹಾಸಿ ತುಳಿಸಿ. ಕೊಂಬೆ ನೆಲಕ್ಕೆ ಅಂಟಿರಬೇಕು. ಸುಮ್ನೆ ಮೇಲೆ ಎಸೆದರೆ ನೀರು ಅದರ ಅಡಿಯಲ್ಲೇ ಓಡುತ್ತದೆ.

ಎಲ್ಲಕ್ಕಿಂತ ಮೊದಲು ಹಳ್ಳದಲ್ಲಿರುವ ದಿಮ್ಮಿ ತೆಗೆಸಿ. ನೀರು ಕಡಿಮೆ ಇರುವ ಬೆಳಗ್ಗೆ, ಜೆಸಿಬಿ ದಡದಲ್ಲೇ ನಿಂತು ಕೈ ಚಾಚಿ ಎತ್ತಲಿ, ಹಳ್ಳಕ್ಕೆ ಇಳಿಯಬಾರದು. ಎತ್ತಿದ ಮಣ್ಣನ್ನು ದಡದಲ್ಲಿ ಗುಡ್ಡೆ ಹಾಕದೆ ದೂರ ಸಾಗಿಸಿ. ಮುಂಗಾರಿನ ಹೊಸ ನೀರಿಗೇ ಹತ್ತುಮೀನು ಮೊಟ್ಟೆಯಿಡಲು ಹಳ್ಳದಲ್ಲಿ ಮೇಲೇರುವುದು. ಈ ಕೆಲಸ ಮೇ ಒಳಗೇ ಮುಗಿಯಬೇಕು.

ಹಾನುಬಾಳು ತೋಟ:
ದಡದ ಮೇಲೂ ನಾಲ್ಕಾರು ಓಕಿನ ಬೊಡ್ಡೆ ಉಳಿದಿವೆ. ಜೆಸಿಬಿ ಹೇಗೂ ಬರುತ್ತದೆ, ಕೀಳಿಸಿಬಿಡಲಾ?

ಕೂಪಿನ ಮೇಸ್ತ್ರಿ:
ಮುಟ್ಟಬೇಡಿ! ಬೇರು ಕೊಳೆಯುವವರೆಗೆ ದಡ ಹಿಡಿದಿರುತ್ತದೆ. ಆ ಸಮಯದಲ್ಲಿ ಪಕ್ಕದಲ್ಲಿ ವಾಟೆ, ಕೇದಗೆ, ಹೊಳೆಮತ್ತಿ ನೆಡಿ. ದಾಟಿಸಿದ ಜಾಗದ ಬೋಳು ದಡಕ್ಕೆ ಲಾವಂಚ. ಆದರೆ ಈ ವರ್ಷದ ಮಳೆಗೆ ಲಾವಂಚ ನಂಬಬೇಡಿ, ಬೇರು ಇಳಿಯಬೇಕಲ್ಲ. ಈ ವರ್ಷ ಸೊಪ್ಪೇ ಗತಿ.

ರೋಬಸ್ಟಾ ರೈತ:
ನಮ್ಮಲ್ಲೂ ಬರುವ ವರ್ಷ ಓಕ್ ಕೊಡುವುದಿದೆ. ವ್ಯಾಪಾರಿಗೆ ಏನು ಹೇಳಬೇಕು?

ಮಳೆಮಾಪಕ:
ಬಾಯಲ್ಲಿ ಹೇಳಬೇಡಿ, ಕರಾರಿನಲ್ಲಿ ಬರೆಸಿ. ದಾರಿ ಎಲ್ಲಿ ಹೋಗಬೇಕು ಅಂತ ನೀವೇ ಮರಕ್ಕೆ ಬಣ್ಣ ಹಚ್ಚಿ ತೋರಿಸಿ. ಹಳ್ಳ ದಾಟುವುದು ಒಂದೇ ಕಡೆ, ಅದೂ ನೇರ ಅಡ್ಡಲಾಗಿ. ಸಾಧ್ಯವಾದರೆ ದಿಮ್ಮಿಯನ್ನು ಹಳ್ಳದ ಕಡೆಗೆ ಇಳಿಸದೆ ವಿಂಚ್ ಹಾಕಿ ಮೇಲಕ್ಕೆ ಎಳೆಯಲಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮುಂಚೆ ನಾಟ ಸಾಗಿಸಿ, ದಿಣ್ಣೆ ಹಾಕಿ ಹೋಗಬೇಕು. ವ್ಯಾಪಾರದಲ್ಲಿ ದುಡ್ಡು ಕೊಡುವವರು ಅವರಾದ್ದರಿಂದ ಬಾಕಿ ಹಿಡಿಯಲು ನಮಗೆ ಬರಲ್ಲ. ಅದಕ್ಕೇ ಮುಂಗಡದ ಜೊತೆ ಬೇರೆ ಠೇವಣಿ ಇಸ್ಕೊಳ್ಳಿ. ಕೊನೆಯ ದಿಣ್ಣೆ ನೋಡಿದ ಮೇಲೆ ವಾಪಸ್ ಕೊಡಿ.